ಕಲ್ಲಿನ ಬುಡದ ಇದ್ದಿಲು

ಕಲ್ಲುಕೊಪ್ಪಲು, ನಂಜನಗೂಡು ತಾಲ್ಲೂಕು
5 ಮಾರ್ಚ್ 2025, ಬುಧವಾರ

ಪ್ರೀತಿಯ ಮಾವನಿಗೆ ನಯನಳ ಶರಣು.

ನಾವೆಲ್ಲ ಚೆನ್ನಾಗಿದ್ದೇವೆ. ಅವ್ವನ, ಅದೇ ನಿಮ್ಮ ಅಕ್ಕನ, ಮಂಡಿನೋವು ಹಾಗೇ ಇದೆ, ಬಾಯಿ ಜೋರೂ ಹಾಗೇ ಇದೆ. ನಿಮಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಮೊಬೈಲಿಗೆ ಬಂದದ್ದನ್ನು ಓದುವುದೂ ಇಲ್ಲ, ಕಾಗದ ಬರೆದರೆ ಮಾತ್ರ ಉತ್ತರ ಕೊಡುತ್ತೀರಿ ಎಂದು ನಿಮ್ಮ ಸೊಸೆ ಶಾಂತಿ ಹೇಳಿದಳು. ಸರ್ವೆ ಕೆಲಸದಿಂದ ನಿವೃತ್ತರಾಗಿ ಏಳು ವರ್ಷವಾದರೂ ನಿಮಗೆ ಎಲ್ಲವೂ ಬರಹದಲ್ಲೇ ಬೇಕು. ಆಗಲಿ, ನನಗೂ ಬೇಕಾಗಿರುವುದು ಬರಹವೇ.

ನಮ್ಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಗೆ ಹೋದ ವರ್ಷ ಮಹಿಳಾ ಸಂಘದಿಂದ ನನ್ನನ್ನು ಸೇರಿಸಿದರು. ಇಷ್ಟು ದಿನ ಕೆಲಸ ಎಂದರೆ ಟೀ ಕುಡಿದು ಸಹಿ ಹಾಕುವುದು. ಈಗ ಒಂದು ನಕ್ಷೆ ಬಂದಿದೆ. ಜೊಂಡಿನಕೆರೆಯ ಮೂಡಣ ದಂಡೆಯ ಎರಡು ಎಕರೆಯಲ್ಲಿ ಬಸವಪ್ರಸಾದ್ ಕಲ್ಯಾಣಮಂಟಪ ಕಟ್ಟುತ್ತಾರಂತೆ. ನಮ್ಮ ಮಠದ ಕಡೆಯವರೇ, ನಿಮಗೂ ಗೊತ್ತಿರಬೇಕು. ಕೆರೆಯ ಗಡಿಯಿಂದ ಮೂವತ್ತು ಮೀಟರ್ ಬಿಟ್ಟು ಕಟ್ಟಬೇಕು ಎಂಬುದು ನಿಯಮ. ನಕ್ಷೆಯಲ್ಲಿ ಊರವರು ಪೂಜಿಸುವ ಗಡಿಕಲ್ಲು ಕೆರೆಕಲ್ಲಪ್ಪನಿಂದ ಸರಿಯಾಗಿ ಮೂವತ್ತು ಮೀಟರ್ ತೋರಿಸಿದ್ದಾರೆ. ಏಪ್ರಿಲ್ 17ಕ್ಕೆ ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆ. ಅಷ್ಟರೊಳಗೆ ಸಮಿತಿ ಒಪ್ಪಿಗೆಯನ್ನೋ ಆಕ್ಷೇಪಣೆಯನ್ನೋ ಕೊಡಬೇಕು.

ಎಲ್ಲರೂ ಸಹಿ ಹಾಕಿದರು, ನಾನು ಹಾಕಲಿಲ್ಲ. ಕಾರಣ ಇಷ್ಟೇ. ಕಲ್ಲಪ್ಪ ಇರುವುದು ಗಡಿಯಲ್ಲಿ ಎನ್ನುತ್ತಾರೆ, ಆದರೆ ಕೆರೆ ತುಂಬಿದಾಗ ಕಲ್ಲಪ್ಪ ಕುತ್ತಿಗೆ ಮಟ್ಟ ನೀರಿನಲ್ಲಿ ನಿಂತಿರುತ್ತಾನೆ. ಜೊಂಡು ಅವನ ಬೆನ್ನ ಹಿಂದೆ ಬಹಳ ದೂರದವರೆಗೆ ಬೆಳೆದಿದೆ. ಗಡಿಕಲ್ಲಿನಿಂದ ಆಚೆಗೆ ಕೆರೆ ಇರುತ್ತದೆಯೇ ಮಾವ?

ಮೂರು ವರ್ಷದ ಹಿಂದಿನ ಮಳೆ ನಿಮಗೆ ನೆನಪಿರಬಹುದು. ಕೆರೆ ಕೋಡಿ ಬಿದ್ದು ಕೆಳಗಿನ ಕೇರಿಗೆ ನೀರು ನುಗ್ಗಿತು. ಕೆರೆತೂಬು ನೋಡಿಕೊಳ್ಳುವ ನೀರಗಂಟಿ ದೊಡ್ಡಮಾದಯ್ಯನ ಮನೆಯ ಗೋಡೆ ಅವನ ಹೆಂಡತಿಯ ಮೇಲೆ ಬಿತ್ತು, ಎಡಗಾಲು ತೆಗೆಯಬೇಕಾಯಿತು. ಮೂಡಣ ದಂಡೆಯ ಜೌಗು ಅಷ್ಟು ನೀರು ಕುಡಿದ ಮೇಲೂ ಹಾಗಾಯಿತು. ಆ ಜೌಗಿಗೇ ಮಣ್ಣು ತುಂಬಿದರೆ ಮುಂದಿನ ಸಲ ನೀರು ಎಲ್ಲಿಗೆ ಹೋಗುತ್ತದೆ? ಆ ಕೇರಿಯಲ್ಲಿ ನಲವತ್ತೆರಡು ಮನೆಗಳಿವೆ.

1988ರಲ್ಲಿ ಕೆರೆಯನ್ನು ಮರುಸರ್ವೆ ಮಾಡಿದವರು ನೀವೇ. ನಕ್ಷೆಯ ಕೆಳಗೆ ನಿಮ್ಮ ಸಹಿ ನೋಡಿ ಹೆಮ್ಮೆಪಟ್ಟೆ. ಅದಕ್ಕಿಂತ ಹಳೆಯ ನಕ್ಷೆಯನ್ನು ಗೆದ್ದಲು ತಿಂದಿದೆ ಎಂದು ಕಚೇರಿಯವರು ಹಿಂಬರಹ ಕೊಟ್ಟರು. ಆ ಕಲ್ಲು ಮೊದಲು ಎಲ್ಲಿತ್ತು, ನೀರು ತಳ್ಳಿ ಜರುಗಿಸಿತ್ತೇ, ನಿಮಗೆ ಗೊತ್ತಿದ್ದಷ್ಟು ಬರೆಯಿರಿ. ಅವ್ವನನ್ನು ಕೇಳಿದೆ. "ಪೂಜೆ ಮಾಡೋ ಕಲ್ಲು ಕಣೇ ಅದು, ಅದ್ರ ತಂಟೆಗೆ ಓಗ್ಬೇಡ" ಎಂದು ಎದ್ದು ಹೋದಳು. ಅವಳ ಭಕ್ತಿ ನಿಮಗೆ ಗೊತ್ತಲ್ಲ, ಸೋಮವಾರ ತಪ್ಪಿದ್ದನ್ನು ನಾನು ಕಂಡಿಲ್ಲ.

ನಿಮ್ಮ ನಯನ


ತಿ. ನರಸೀಪುರ
11 ಮಾರ್ಚ್ 2025

ಚಿ. ಸೌ. ನಯನಳಿಗೆ ನಿನ್ನ ಮಾವನ ಆಶೀರ್ವಾದಗಳು.

ಕಾಗದ ತಲುಪಿತು. ನಿನ್ನ ಅಕ್ಷರ ನನ್ನ ಅಕ್ಕನ ರಂಗೋಲಿಯ ಹಾಗೆ ದುಂಡಗಿದೆ. ಸಂಗಮದಲ್ಲಿ ನೀರು ಇಳಿದಿದೆ, ಬೆಳಗ್ಗೆ ಮರಳಿನ ಮೇಲೆ ಒಂದು ಸುತ್ತು ನಡೆಯುತ್ತೇನೆ. ಕಿವಿ ಕೇಳದ್ದರಿಂದ ಒಂದು ಲಾಭ, ಯಾರು ಬೈದರೂ ನನಗೆ ಹಿತವಾಗಿರುತ್ತದೆ.

ನಕ್ಷೆ ಓದುವಾಗ ಮೊದಲು ಅಳತೆಯ ಪ್ರಮಾಣ ನೋಡು, ಆಮೇಲೆ ಉತ್ತರ ದಿಕ್ಕಿನ ಬಾಣ ನೋಡು. ಮೂವತ್ತು ಮೀಟರ್ ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಮೂರು ಚೈನು. ಒಂದು ಚೈನಿಗೆ ಮೂವತ್ತಮೂರು ಅಡಿ. ಗಡಿಯನ್ನು ಕಲ್ಲಿನಿಂದ ಹಿಡಿಯುತ್ತಾರೆಯೇ ಹೊರತು ಗಿಡದಿಂದಲ್ಲ. ಜೊಂಡು ಎಲ್ಲಿ ಬೇಕಾದರೂ ಬೆಳೆಯುತ್ತದೆ, ಅದಕ್ಕೆ ಮಹಜರಿಗೆ ಸಹಿ ಮಾಡಲು ಬರುವುದಿಲ್ಲ. ನಾನು ಅಳೆದದ್ದು ಸರಿಯಾಗಿದೆ.

ನೀರಿನ ದಾರಿಯ ಬಗ್ಗೆ ಚಿಂತಿಸುವುದು ಒಳ್ಳೆಯದೇ. ಆದರೆ ಇಂಥ ಸಮಿತಿಗಳಲ್ಲಿ ಒಬ್ಬಳೇ ಎದ್ದು ನಿಂತರೆ ನಾಳೆ ಊರಿನವರೆಲ್ಲ ನಿನ್ನ ಕಡೆಯೇ ಬೆರಳು ತೋರಿಸುತ್ತಾರೆ.

ಅಕ್ಕನ ಅಡುಗೆಮನೆಯ ನೆಲ ಮಳೆಗಾಲದಲ್ಲಿ ಇನ್ನೂ ಜಿನುಗುತ್ತದೆಯೇ? ಮನೆಯ ಪತ್ರಗಳು ಅವಳ ಹೆಸರಿನಲ್ಲೇ ಇವೆಯಲ್ಲವೇ? ಭದ್ರವಾಗಿಡಲು ಹೇಳು.

ಇತಿ ನಿನ್ನ ಮಾವ,
ಚಿಕ್ಕಬಸಪ್ಪ


ಕಲ್ಲುಕೊಪ್ಪಲು
16 ಮಾರ್ಚ್ 2025

ಪ್ರೀತಿಯ ಮಾವನಿಗೆ,

ನಾನು ಕೆರೆ ಕೇಳಿದರೆ ನೀವು ಅಡುಗೆಮನೆ ನೆಲ ಕೇಳುತ್ತೀರಿ! ಜಿನುಗುತ್ತದೆ. ದೇವರ ಗೂಡಿನ ಕೆಳಗಂತೂ ಗೋಣಿತಾಟು ಹಾಸಿದರೆ ಮಾರನೆಯ ದಿನ ಹಿಂಡಬೇಕು. ಬಚ್ಚಲ ಹಿಂದೆ ಜೊಂಡು ಮೊಳೆಯುತ್ತದೆ, ಅವ್ವ ವರ್ಷಕ್ಕೆ ಮೂರು ಸಲ ಕಿತ್ತು ಎಸೆಯುತ್ತಾಳೆ. ಪತ್ರಗಳು ಅವ್ವನ ಟ್ರಂಕಿನಲ್ಲಿವೆ. ಆಸ್ತಿಯ ವಿಷಯದಲ್ಲಿ ನಾನು ಅವ್ವನಿಗೆ ಏನಾದರೂ ಮಾಡಿಬಿಡುತ್ತೇನೆಂದು ನಿಮಗೆ ಅನುಮಾನವೇ? ನಾನು, ನಮ್ಮನೆಯವರು ಇಬ್ಬರೂ ಈ ಮನೆಯ ಮೇಲೆ ಕಣ್ಣು ಹಾಕಿದವರಲ್ಲ. ಅವರು ತಾಂಡವಪುರದ ಫ್ಯಾಕ್ಟರಿಗೆ ಹೋಗಿ ಬಂದು ಉಂಡು ಮಲಗಿದರೆ ಅವರಿಗೆ ಅದೇ ಅರಮನೆ.

ನಿನ್ನೆ ದೊಡ್ಡಮಾದಯ್ಯನ ಜೊತೆ ದಂಡೆಯ ಮೇಲೆ ನಡೆದೆ. ಕಲ್ಲಪ್ಪನಿಂದ ಜೊಂಡು ಮುಗಿಯುವವರೆಗೆ ನನ್ನ ಇಪ್ಪತ್ತೇಳು ಹೆಜ್ಜೆ. ಅದು ಬಂದು ಮುಟ್ಟುವುದು ನಮ್ಮ ಹಿತ್ತಲಿಗೇ. ಹಾಗಾದರೆ ನಮ್ಮ ಬಚ್ಚಲೂ ಕೆರೆಯೇ ಎಂದು ನಾನು ನಕ್ಕೆ. ದೊಡ್ಡಮಾದಯ್ಯ ನಗಲಿಲ್ಲ. 1988ರ ಮಹಜರಿನಲ್ಲಿ ಅವನ ಹೆಬ್ಬೆಟ್ಟು ಇದೆ. ಏನಾಯಿತು ಹೇಳಯ್ಯ ಅಂದರೆ, "ನಿಮ್ಮಾವ್ರು ಬೀಡಿ ಕೊಟ್ರು, ಒತ್ತು ಅಂದ್ರು, ಒತ್ದೆ ಕಣವ್ವ. ಅವ್ರು ದ್ಯಾವ್ರಂತೋರು" ಎಂದು ಅಷ್ಟಕ್ಕೇ ಮುಗಿಸಿದ.

ಜೌಗಿನ ಮಣ್ಣನ್ನು ಹಿಡಿ ತುಂಬ ತೆಗೆದು ತೋರಿಸಿದ. ಮಾರ್ಚಿನ ಬಿಸಿಲಿನಲ್ಲೂ ಬೆರಳ ಸಂದಿಯಿಂದ ನೀರು ಇಳಿಯಿತು. "ಇದು ಕುಡೀದೆ ಓದ್ರೆ ನಾವು ಕುಡೀಬೇಕು" ಎಂದ. ಅವನ ಹೆಂಡತಿ ದಂಡೆಯ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕೂತು ನಮ್ಮನ್ನೇ ನೋಡುತ್ತಿದ್ದಳು.

ಮಾವ, ಊರವರು ಬೆರಳು ತೋರಿಸಲಿ. ಸಮಿತಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ, ನನ್ನ ಕೈಯಲ್ಲಿ ಒಂದು ದಾಖಲೆಯೂ ಇಲ್ಲ. ಹಳೆಯ ಅಳತೆ ನೆನಪಿರುವುದು ನಿಮಗೊಬ್ಬರಿಗೇ. ಎರಡು ಸಾಲು ಸಾಕು.

ನಯನ


ಕಲ್ಲುಕೊಪ್ಪಲು
2 ಏಪ್ರಿಲ್ 2025

ಮಾವನವರಿಗೆ,

ಹದಿನೈದು ದಿನ ಕಾದೆ. ಯುಗಾದಿಯ ಮಾರನೆಯ ದಿನ ಒಬ್ಬಟ್ಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಮಾವ ಸೋಮನಾಥಪುರಕ್ಕೆ ಹೋಗಿದ್ದಾರೆ ಎಂದು ಶಾಂತಿ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಿಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು. ಕನ್ನಡಕ ಜಗಲಿಯ ಮೇಲೆ ದಿನಪತ್ರಿಕೆಯ ಜೊತೆ ಇತ್ತು. ಕಾಯುತ್ತೇನೆ ಎಂದು ಎರಡು ಗಂಟೆ ಕೂತೆ. ಶಾಂತಿ ಎರಡು ಸಲ ಕಾಫಿ ಕೊಟ್ಟಳು.

ಚಪ್ಪಲಿಯಿಲ್ಲದೆ, ಕನ್ನಡಕವಿಲ್ಲದೆ ಸೋಮನಾಥಪುರಕ್ಕೆ ಯಾರು ಹೋಗುತ್ತಾರೆ ಮಾವ? ನಾನು ಹುಟ್ಟಿದ ವರ್ಷವೇ ಅಪ್ಪ ಹೋದ. ಶಾಲೆಗೆ ಸೇರಿಸಿದವರು ನೀವು, ಮದುವೆಯಲ್ಲಿ ಧಾರೆ ಎರೆದವರು ನೀವು. ನನ್ನನ್ನು ಕಂಡು ನೀವು ಒಳಗೆ ಅಡಗಿ ಕೂರುವ ಕಾಲ ಬಂತೇ?

ಒಬ್ಬಟ್ಟು ಅಡುಗೆಮನೆಯಲ್ಲಿ ಇಟ್ಟು ಬಂದಿದ್ದೇನೆ. ಜೌಗಿಗೆ ಮಣ್ಣು ಬರಲು ಶುರುವಾಗಿದೆ, ನಿನ್ನೆಯವರೆಗೆ ಎಂಟು ಲಾರಿ. ಒಪ್ಪಿಗೆ ಬರುವ ಮುಂಚೆಯೇ ಹೇಗೆ ಸುರಿಯುತ್ತೀರಿ ಎಂದು ಕೇಳಿದರೆ, "ಒಪ್ಪಿಗೆ ಬಂದೇ ಬತ್ತದಲ್ಲಕ್ಕ" ಎಂದು ಡ್ರೈವರ್ ನಕ್ಕ.

ನಯನ


ತಿ. ನರಸೀಪುರ
5 ಏಪ್ರಿಲ್ 2025

ನಯನ,

ಒಬ್ಬಟ್ಟು ತಿಂದೆ. ಅಕ್ಕನ ಕೈರುಚಿ.

ಬಸವಪ್ರಸಾದ್ ಇಲ್ಲಿಗೂ ಬಂದಿದ್ದ, ಹಣ್ಣು ತಂದು ಕಾಲಿಗೆ ಬಿದ್ದ. ಕೆಟ್ಟವನಲ್ಲ. ಕಲ್ಲಪ್ಪನಿಗೆ ನಾಲ್ಕು ಕಂಬದ ಮಂಟಪ ಕಟ್ಟಿಸಿಕೊಡುತ್ತಾನಂತೆ. ನೀನು ಸಹಿ ಹಾಕಿಬಿಡು ಮಗಳೇ. ಇದಕ್ಕೆ ಕಾರಣ ಕೇಳಬೇಡ. ನನಗಾಗಿ ಬೇಡ, ನಿನ್ನ ಅವ್ವನಿಗಾಗಿ ಹಾಕು. ಕೆಲವು ಕಲ್ಲುಗಳನ್ನು ಅವು ನಿಂತಲ್ಲೇ ಬಿಡಬೇಕು.

ಚಿಕ್ಕಬಸಪ್ಪ


ಕಲ್ಲುಕೊಪ್ಪಲು
8 ಏಪ್ರಿಲ್ 2025

ನಿವೃತ್ತ ಭೂಮಾಪಕರಾದ ಶ್ರೀ ಚಿಕ್ಕಬಸಪ್ಪನವರಿಗೆ,

ವಿಷಯ: ಜೊಂಡಿನಕೆರೆಯ 1988ರ ಮರುಸರ್ವೆಯ ಬಗ್ಗೆ.
ಉಲ್ಲೇಖ: ತಾವು ತಿಂದ ಹಣ್ಣು.

ತಮಗೆ ಬರಹವೇ ಇಷ್ಟವಾದ್ದರಿಂದ ಕಚೇರಿಯ ಕ್ರಮದಲ್ಲೇ ಬರೆಯುತ್ತಿದ್ದೇನೆ. ಸದರಿ ಕೆರೆಯ ಗಡಿಯನ್ನು ತಾವು ತಪ್ಪಾಗಿ ಅಳೆದಿದ್ದೀರಿ ಎಂದು ನನಗೆ ಬಲವಾದ ಅನುಮಾನವಿದೆ. ಅಂದು ಯಾರು ತಮ್ಮನ್ನು ಕೊಂಡುಕೊಂಡರೋ ತಿಳಿಯದು, ಇಂದು ಯಾರು ಎಂದು ತಿಳಿಯಿತು. 17ನೇ ತಾರೀಖು ಅಧಿಕಾರಿಗಳ ಮುಂದೆ ತಮ್ಮ ಹೆಸರು ಹೇಳಿಯೇ ಆಕ್ಷೇಪಣೆ ಕೊಡುತ್ತೇನೆ. ಅವ್ವನ ಹೆಸರನ್ನು ಮಧ್ಯೆ ತರಬೇಡಿ. ಅವಳು ನಾನು ಕಂಡಂದಿನಿಂದ ಪೂಜೆ ಮಾಡುವುದನ್ನು ಬಿಟ್ಟು ಆ ಕಲ್ಲಿಗೆ ಬೇರೇನೂ ಮಾಡಿದವಳಲ್ಲ.

ನಿನ್ನೆ ಸಂಜೆ ಮೊದಲ ಮಳೆ ಬಿತ್ತು. ಅರ್ಧ ಗಂಟೆಯ ಮಳೆ ಅಷ್ಟೇ. ದೊಡ್ಡಮಾದಯ್ಯ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ದಂಡೆಗೆ ತಂದು ಕೂರಿಸಿದ್ದ. ನೀರು ಬಂದಿರಲಿಲ್ಲ, ಬರಬಹುದೆಂಬ ಭಯ. ನೆನೆಯುತ್ತಾ ಕೂತಿದ್ದ ಇಬ್ಬರನ್ನೂ ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯುವುದೋ ನನಗೆ ಗೊತ್ತಿಲ್ಲ.

ಸಮಿತಿಯ ಸದಸ್ಯೆ,
ನಯನ


ತಿ. ನರಸೀಪುರ
11 ಏಪ್ರಿಲ್ 2025

ಮಗಳೇ,

ನೀನು ಜಗಲಿಯಲ್ಲಿ ಕೂತಿದ್ದ ಎರಡು ಗಂಟೆಯೂ ನಾನು ಕಿಟಕಿಯ ಹಿಂದೆ ನಿಂತಿದ್ದೆ. ನೀನು ಎರಡನೆಯ ಕಾಫಿಯನ್ನು ಕುಡಿಯದೆ ಇಟ್ಟೆ. ನಿನ್ನ ಬೆನ್ನು ಥೇಟ್ ಅಕ್ಕನ ಬೆನ್ನು. ಹೊರಗೆ ಬರಲು ನಾಲ್ಕು ಸಲ ಬಾಗಿಲಿಗೆ ಕೈ ಹಾಕಿದೆ, ಆಗಲಿಲ್ಲ.

ಹಣ್ಣಿಗೆ ನಾನು ಮಾರಾಟವಾಗಿಲ್ಲ. ಆದರೆ ನಿನ್ನ ಅನುಮಾನ ನಿಜ. ಗಡಿ ತಪ್ಪಾಗಿದೆ. ನಾನು ತಪ್ಪಿ ಅಳೆದದ್ದಲ್ಲ, ಬೇಕೆಂದೇ ಮಾಡಿದೆ.

1988ರ ಬೇಸಿಗೆ. ನಿನ್ನಪ್ಪ ಹೋಗಿ ಏಳು ತಿಂಗಳಾಗಿತ್ತು, ನಿನಗೆ ಒಂದು ವರ್ಷ. ಅವನ ಅಣ್ಣತಮ್ಮಂದಿರು ಅಕ್ಕನನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದರು. ನಿನ್ನ ಕೆನ್ನೆಯ ಮೇಲಿನ ಕಲೆ ದನದ ಮೈಯ ಉಣ್ಣೆ ಕಚ್ಚಿದ್ದು, ಸೀತಾಳೆ ಅಮ್ಮ ಬಂದದ್ದಲ್ಲ. ಅವಳ ಪಾಲಿಗೆ ಬಂದದ್ದು ಕೆರೆಯಂಚಿನ ಆರು ಗುಂಟೆ. ಸರ್ಕಾರದ ಜನತಾ ಮನೆ ಮಂಜೂರಾಯಿತು, ಆದರೆ ಜಾಗ ಕೆರೆಯ ಗಡಿಯೊಳಗೆ ಬೀಳುತ್ತದೆಂದು ತಡೆದರು. ಅದೇ ತಿಂಗಳು ಆ ಕೆರೆಯ ಮರುಸರ್ವೆ ನನ್ನ ಕೈಗೆ ಬಂತು.

ಒಂದು ದಿನ ಮಟಮಟ ಮಧ್ಯಾಹ್ನ, ಊರೆಲ್ಲ ಒಳಗಿದ್ದಾಗ, ನಾನು ಹಾರೆ ಹಾಕಿದೆ, ಅಕ್ಕ ತಳ್ಳಿದಳು. ಈಶಾನ್ಯ ಮೂಲೆಯ ಗಡಿಕಲ್ಲನ್ನು ಎರಡು ಚೈನು ಕೆರೆಯ ಒಳಕ್ಕೆ ಜರುಗಿಸಿ ನೆಟ್ಟೆವು. ನೀನು ಲೆಕ್ಕ ಹಾಕಿದ ಇಪ್ಪತ್ತೇಳು ಹೆಜ್ಜೆ ಅದೇ. ಕಾಗದದಲ್ಲಿ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹೊಸದಾಗಿ ನೆಟ್ಟ ಕಲ್ಲನ್ನು ಯಾರಾದರೂ ಪರೀಕ್ಷಿಸಿದರೆ ಎಂಬ ಭಯ. ವಿಭೂತಿ ಹಚ್ಚಿ ಹೂವಿಡು ಎಂದು ಅಕ್ಕನಿಗೆ ಹೇಳಿಕೊಟ್ಟವನು ನಾನೇ. ಪೂಜೆ ಬಿದ್ದ ಕಲ್ಲನ್ನು ನಮ್ಮ ಕಡೆ ಯಾರೂ ಅಲುಗಿಸುವುದಿಲ್ಲ. ಅಳೆಯಲು ಬಂದವರೂ ಕೈ ಮುಗಿದು ಅಲ್ಲಿಂದಲೇ ಚೈನು ಹಿಡಿಯುತ್ತಾರೆ. ಆರು ತಿಂಗಳಲ್ಲಿ ಅದಕ್ಕೆ ಕೆರೆಕಲ್ಲಪ್ಪ ಎಂದು ಹೆಸರು ಬಂತು, ವರ್ಷದಲ್ಲಿ ಊರವರು ಹರಕೆ ಹೊತ್ತರು. ನನಗೆ ನಗು ಬರುತ್ತಿತ್ತು ಆಗ. ಅಕ್ಕ ನಕ್ಕಿದ್ದು ನಾನು ನೋಡಲಿಲ್ಲ. ನೀನು ಭಕ್ತಿ ಎಂದು ತಿಳಿದಿರುವುದು ಭಕ್ತಿಯಲ್ಲ ಮಗಳೇ. ಪ್ರತಿ ಸೋಮವಾರ ಅವಳು ಆ ಕಲ್ಲಿನ ಹತ್ತಿರ ಕ್ಷಮೆ ಕೇಳಿಕೊಳ್ಳುತ್ತಾಳೆ.

ದೊಡ್ಡಮಾದಯ್ಯನಿಗೆ ಕಲ್ಲು ಅಲುಗಾಡಿತ್ತು, ಸರಿಪಡಿಸಿದೆ ಎಂದು ಸುಳ್ಳು ಹೇಳಿದೆ. ಅವನು ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದ. ಗೋಡೆ ಬಿದ್ದ ಸುದ್ದಿ ಕೇಳಿದ ದಿನದಿಂದ ಅವನ ಹೆಬ್ಬೆಟ್ಟು ನನ್ನ ಕಣ್ಣ ಮುಂದಿದೆ.

ನಿನಗೆ ಬೇಕಾದ ಸಾಕ್ಷಿ ಒಂದಿದೆ. ಹಳೆಯ ಸರ್ವೆಯವರು ಗಡಿಕಲ್ಲು ನೆಡುವ ಮುಂಚೆ ಗುಂಡಿಗೆ ಒಂದು ಬುಟ್ಟಿ ಇದ್ದಿಲು ಸುರಿಯುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಕಲ್ಲು ಕಿತ್ತವನಿಗೂ ಅದನ್ನು ಬಾಚಿ ತೆಗೆಯಲು ಆಗುವುದಿಲ್ಲ, ನನಗೂ ಆಗಲಿಲ್ಲ. ಅದು ಇನ್ನೂ ಇದ್ದಲ್ಲೇ ಇದೆ. ನಿಮ್ಮ ಅಡುಗೆಮನೆಯಲ್ಲಿ, ದೇವರ ಗೂಡಿನ ಕೆಳಗೆ, ಮೂರಡಿ ಆಳದಲ್ಲಿ.

ಇದ್ದಿಲು ಸಿಕ್ಕರೆ ಕಲ್ಯಾಣಮಂಟಪದ ಕೆಲಸ ನಿಲ್ಲುತ್ತದೆ, ಜೌಗು ಉಳಿಯುತ್ತದೆ. ಅದೇ ಗೆರೆ ನಿಮ್ಮ ಮನೆಯ ನಡುವೆ ಹಾದು ಹೋಗುತ್ತದೆ, ಆ ಮನೆ ಉಳಿಯುವುದಿಲ್ಲ. ಸಹಿ ಹಾಕು ಎಂದು ಬೇಡಿಕೊಂಡದ್ದು ಇದಕ್ಕೇ. ಜೊತೆಗೆ ಛಾಪಾಕಾಗದದಲ್ಲಿ ನನ್ನ ಹೇಳಿಕೆ ಇಟ್ಟಿದ್ದೇನೆ. ಕೊಡುವುದಾದರೆ ಕೊಡು, ಸುಡುವುದಾದರೆ ಸುಡು. ನಿರ್ಧಾರ ನಿನ್ನದು. ನನ್ನ ಮೇಲೆ ಕೇಸು ಆದರೆ ಆಗಲಿ.

ನಿನ್ನ ಮಾವ


ಕಲ್ಲುಕೊಪ್ಪಲು
14 ಏಪ್ರಿಲ್ 2025, ಸೋಮವಾರ

ನಿರ್ಧಾರ ನಿನ್ನದು ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು ಮಾವ? ಮೂವತ್ತೇಳು ವರ್ಷ ನೀವಿಬ್ಬರೂ ಹೊತ್ತದ್ದನ್ನು ಮೂರು ದಿನ ಇರುವಾಗ ನನ್ನ ತಲೆಯ ಮೇಲೆ ಇಟ್ಟಿರಿ. ಗೊತ್ತಿಲ್ಲದಿದ್ದಾಗ ಎಷ್ಟು ಧೈರ್ಯವಾಗಿದ್ದೆ ನಾನು!

ಅವ್ವ ಈಗ ಕಲ್ಲಪ್ಪನಿಗೆ ಪೂಜೆ ಮುಗಿಸಿ ಬಂದು ಗೂಡಿನ ಕೆಳಗೆ ಕೂತು ಕಾಳು ಬಿಡಿಸುತ್ತಿದ್ದಾಳೆ. ಎಪ್ಪತ್ತು ವರ್ಷದವಳು. ಅವಳಿಗೆ ಇರುವುದು ಇದೊಂದು ಮನೆ. ಕೊಟ್ಟಿಗೆಯಿಂದ ಅವಳನ್ನು ಎಬ್ಬಿಸಿ ತಂದ ಮನೆಯಿಂದ ನಾನೇ ಹೊರಗೆ ಹಾಕಬೇಕೇ? ಹಾಕದಿದ್ದರೆ ಆ ನಲವತ್ತೆರಡು ಮನೆಯವರ ಮುಂದೆ ಯಾವ ಮುಖ ಹೊತ್ತು ನಡೆಯಲಿ?

ಬೆಳಗ್ಗೆ ದೊಡ್ಡಮಾದಯ್ಯನಿಗೆ ಹೇಳಿಬಿಟ್ಟೆ. ಅವನಿಗೆ ಹೇಳದೆ ಇರುವುದು ನನ್ನಿಂದ ಆಗಲಿಲ್ಲ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೆರೆಯ ಕಡೆ ತಿರುಗಿ ಹೇಳಿದ: "ನೀರಗಂಟಿಗೆ ಕಲ್ಲು ಎಲ್ಲಿತ್ತು ಅಂತ ಗೊತ್ತಿಲ್ದೇ ಇರ್ತದಾ? ಗೊತ್ತಿದ್ದೇ ಒತ್ದೆ ಕಣವ್ವ. ನಿಮ್ಮವ್ವನ ಕಂಕುಳಲ್ಲಿ ನೀನಿದ್ದೆ, ಮುಖದ ತುಂಬ ಉಣ್ಣೆ ಕಚ್ಚಿತ್ತು."

ನೀವು ಅವನನ್ನು ವಂಚಿಸಿದಿರಿ ಎಂದುಕೊಂಡಿದ್ದೀರಿ. ಅವನು ನನಗೋಸ್ಕರ ಒತ್ತಿದ ಹೆಬ್ಬೆಟ್ಟು ಅದು. ಗೋಡೆ ಬಿದ್ದದ್ದು ಅವನ ಹೆಂಡತಿಯ ಮೇಲೆ. ನಾನು ಏನು ಮಾಡಲಿ ಮಾವ, ನನಗೆ ದಾರಿ ಕಾಣುತ್ತಿಲ್ಲ.


ಕಲ್ಲುಕೊಪ್ಪಲು
21 ಏಪ್ರಿಲ್ 2025, ಸೋಮವಾರ

ಮಾವ,

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

17ಕ್ಕೆ ಅಧಿಕಾರಿಗಳು ಹತ್ತೂವರೆಗೆ ಬಂದರು. ಈಗ ಚೈನು ಇಲ್ಲ, ಕೋಲಿನ ಮೇಲೆ ಒಂದು ಯಂತ್ರ. ಕಲ್ಲಪ್ಪನಿಗೆ ಎಲ್ಲರೂ ಕೈ ಮುಗಿದು ಅಲ್ಲಿಂದಲೇ ಹಿಡಿದರು, ನೀವು ಹೇಳಿದ ಹಾಗೇ. ಮೂವತ್ತು ಮೀಟರ್ ಸರಿಯಾಗಿ ಬಂತು. ಆಕ್ಷೇಪಣೆ ಇದೆಯೇನಮ್ಮ ಎಂದು ಕೇಳಿದರು. ನಿಮ್ಮ ಹೇಳಿಕೆ ನನ್ನ ಬ್ಯಾಗಿನಲ್ಲಿತ್ತು, ಕೈ ಅದರ ಮೇಲೇ ಇತ್ತು. ಹೊರಗೆ ತೆಗೆಯಲಾಗಲಿಲ್ಲ. "ಇಲ್ಲ ಸಾರ್" ಎಂದೆ. ಹೌದು, ಹಾಗೆಂದೆ. ಇಷ್ಟು ದಿನ ಎಲ್ಲರಿಗೂ ಬುದ್ಧಿ ಹೇಳಿದವಳು ನಾನು. ಸಹಿ ಹಾಕಲು ಪೆನ್ನು ಕೊಟ್ಟರು, ತೆಗೆದುಕೊಂಡೆ.

ಅಷ್ಟರಲ್ಲಿ ಅವ್ವ ಹಿತ್ತಲ ಬಾಗಿಲಿಂದ ಬಂದಳು. ಏನಾಯ್ತಪ್ಪ ಎಂದು ಅಧಿಕಾರಿಯನ್ನು ಕೇಳಿದಳು. ಎಲ್ಲ ಸರಿಯಾಗಿದೆ ಅಜ್ಜಿ, ನಿಮ್ಮ ಕಲ್ಲಪ್ಪನೇ ದಾರಿ ತೋರಿಸಿದ ಎಂದು ಅವರು ನಕ್ಕರು. ಅವ್ವ ನನ್ನ ಕೈಯ ಪೆನ್ನು ನೋಡಿದಳು. ದಂಡೆಯ ಮೇಲೆ ಊರುಗೋಲು ಹಿಡಿದು ಕೂತಿದ್ದ ದೊಡ್ಡಮಾದಯ್ಯನ ಹೆಂಡತಿಯನ್ನು ನೋಡಿದಳು.

"ಕಲ್ಲಪ್ಪ ಅಲ್ಲ ಕಣಪ್ಪ ಅದು, ಬರೀ ಕಲ್ಲು. ನಾನೂ ನನ್ ತಮ್ಮನೂ ಕಿತ್ತಿದ್ದು. ಅದ್ರ ಜಾಗ ಬ್ಯಾರೆ ಅದೆ, ಬಾ ತೋರಿಸ್ತೀನಿ."

ಎಲ್ಲರನ್ನೂ ಚಪ್ಪಲಿ ಬಿಡಿಸಿ ಒಳಗೆ ಕರೆದುಕೊಂಡು ಹೋದಳು. ಗೂಡಿನಿಂದ ದೇವರ ಪಟಗಳನ್ನು ಇಳಿಸಿ ಹಾಸಿಗೆಯ ಮೇಲಿಟ್ಟಳು. ರಾಗಿ ಡಬ್ಬ, ಬಿಂದಿಗೆ, ಒಂದೊಂದೇ ಪಕ್ಕಕ್ಕೆ ಸರಿಸಿದಳು. ಆಮೇಲೆ ನೆಲದ ಮೇಲೆ ಅಂಗೈ ಇಟ್ಟು "ಇಲ್ಲಿ ಅಗೀರಿ" ಎಂದಳು.

ಅಗೆಯಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ದೊಡ್ಡಮಾದಯ್ಯನೇ ಹಾರೆ ತಂದ. ಎರಡಡಿಗೆ ನೀರು ಒಸರಿತು, ಮೂರಡಿಗೆ ಇದ್ದಿಲು ಬಂತು. ಒದ್ದೆಯಾಗಿ, ಕಪ್ಪಗೆ, ನಿನ್ನೆ ಸುರಿದ ಹಾಗೆ. ಮಹಜರು ಬರೆದರು, ಅವ್ವ ಹೆಬ್ಬೆಟ್ಟು ಒತ್ತಿದಳು, ಅವಳ ಪಕ್ಕದಲ್ಲೇ ದೊಡ್ಡಮಾದಯ್ಯನೂ ಒತ್ತಿದ. ಆಗ ನಿಮ್ಮ ಹೇಳಿಕೆಯನ್ನೂ ಕೊಟ್ಟೆ. ಆಕ್ಷೇಪಣೆ ಎಂದು ಬರೆದು ಸಹಿ ಹಾಕಿದೆ. ಅಲ್ಲೇ ಇದ್ದ ಬಸವಪ್ರಸಾದ್ ನಕ್ಷೆ ಸುತ್ತಿಕೊಂಡು ಕಾರು ಹತ್ತಿದರು.

ಸಂಜೆ ಅವ್ವನನ್ನು ಕೇಳಿದೆ, ನನಗೆ ವಿಷಯ ಗೊತ್ತಾಗಿದೆ ಎಂದು ನಿನಗೆ ಯಾರು ಹೇಳಿದರು ಅಂತ. "ಕಾಗ್ದ ಬಂದಾಗಿಂದ ನೀನು ಉಣ್ಣೋದ ಬಿಟ್ಟೆ. ನನ್ ತಮ್ಮ ಬರ್ದವ್ನೆ ಅಂತ ಗೊತ್ತಾಯ್ತು. ನಿನ್ ಕೈಲಿ ಸುಳ್ಳು ಬರಸ್ಲಾ ನಾನು?" ಎಂದಳು. ಆಮೇಲೆ ಗುಂಡಿಯ ಪಕ್ಕದಲ್ಲೇ ಒಲೆ ಹಚ್ಚಿ ಮುದ್ದೆ ಮಾಡಿದಳು. ನಾನು ಉಂಡೆ ಮಾವ.

ನಯನ


ತಿ. ನರಸೀಪುರ
26 ಏಪ್ರಿಲ್ 2025

ಮಗಳೇ,

ನಿನ್ನೆ ಕಚೇರಿಯಿಂದ ಕರೆ ಬಂದಿತ್ತು, ಹೋಗಿ ಎಲ್ಲವನ್ನೂ ಒಪ್ಪಿಕೊಂಡು ಬಂದೆ. ಅವರು ಕೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ, ಶಾಂತಿ ಬರೆದು ತೋರಿಸಿದಳು, ನಾನು ಬರೆದು ಉತ್ತರಿಸಿದೆ.

ದೊಡ್ಡಮಾದಯ್ಯನಿಗೆ ಗೊತ್ತಿತ್ತು ಎಂದು ಬರೆದಿದ್ದೀಯೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಜಾಣತನ ಎಂದುಕೊಂಡದ್ದು ಅವನ ದಯೆಯಾಗಿತ್ತು. ನಾನು ಅಲ್ಲಿಗೆ ಬರಬೇಕು, ಆದರೆ ಅವನ ಮುಂದೆ, ಅವನ ಹೆಂಡತಿಯ ಮುಂದೆ ನಿಲ್ಲಲು ಕಾಲು ಬರುತ್ತಿಲ್ಲ. ಅಕ್ಕ ನನ್ನ ಬಗ್ಗೆ ಏನಂದಳು? ಬೈದಿದ್ದರೆ ಅದನ್ನೇ ಬರಿ.

ನಿನ್ನ ಮಾವ


ಕಲ್ಲುಕೊಪ್ಪಲು
12 ಮೇ 2025, ಸೋಮವಾರ

ಮಾವ,

ಜೌಗಿಗೆ ಮಣ್ಣು ಸುರಿಯುವುದು ನಿಂತಿದೆ. ಎಂಟು ಲಾರಿ ಮಣ್ಣು ಇನ್ನೂ ಅಲ್ಲೇ ಗುಡ್ಡೆಯಾಗಿದೆ, ತೆಗೆಸಲು ಆದೇಶ ಬರಬೇಕಂತೆ. ಕಲ್ಯಾಣಮಂಟಪದ ನಕ್ಷೆ ಪರಿಶೀಲನೆಯಲ್ಲಿದೆ ಎಂದು ಒಂದು ಸಾಲಿನ ಉತ್ತರ ಬಂದಿದೆ. ಕೆರೆ ಒತ್ತುವರಿಯ ಮೊದಲ ನೋಟಿಸು ಬಂದದ್ದು ನಮಗೆ. ಜೂನ್ 15ರೊಳಗೆ ಮನೆ ಖಾಲಿ ಮಾಡಬೇಕು. ಹೆಡತಲೆ ಊರಿನಲ್ಲಿ ಒಂದು ಬಾಡಿಗೆ ಮನೆ ನೋಡಿದೆವು. ಒಂದೇ ಕೋಣೆ, ಹಿತ್ತಲಿಲ್ಲ. ಅವ್ವ ಒಳಗೆ ಹೋಗಿ ನಿಂತು, ನೆಲ ಮುಟ್ಟಿ ನೋಡಿ, "ಒಣಗ್ಯದೆ" ಎಂದಳು. ಅದು ಒಳ್ಳೆಯದೆಂದೋ ಕೆಟ್ಟದ್ದೆಂದೋ ನನಗೆ ತಿಳಿಯಲಿಲ್ಲ.

ಊರಿನಲ್ಲಿ ಅರ್ಧ ಜನ ನಮ್ಮ ಜೊತೆ ಮಾತು ಬಿಟ್ಟಿದ್ದಾರೆ, ಮೂವತ್ತೇಳು ವರ್ಷ ಗಡಿಕಲ್ಲಿಗೆ ಹರಕೆ ಹೊರಿಸಿದಿರಿ ಅಂತ. ಅವರ ಸಿಟ್ಟು ನ್ಯಾಯವೇ. ಕೇರಿಯವರು ನಮ್ಮ ಮನೆಗೆ ಬರುತ್ತಾರೆ, ಕೂತು ಹೋಗುತ್ತಾರೆ.

ಗಡಿಕಲ್ಲನ್ನು ಅದರ ಜಾಗದಲ್ಲಿ ನೆಡಬೇಕು ಎಂದು ಆದೇಶವಾಯಿತು. ಕೂಲಿಯವರು ಬಂದರು, ಕಲ್ಲು ನೋಡಿ ಹಿಂದೆ ಸರಿದರು. ಪೂಜೆ ಬಿದ್ದ ಕಲ್ಲು, ಮುಟ್ಟುವುದಿಲ್ಲ ಎಂದರು. ನೀವು ಹೇಳಿಕೊಟ್ಟ ಪಾಠ ಅಷ್ಟು ಗಟ್ಟಿ. ಕೊನೆಗೆ ಅವ್ವ, ನಾನು, ದೊಡ್ಡಮಾದಯ್ಯ ಮೂವರೇ ಉರುಳಿಸಿಕೊಂಡು ಬಂದೆವು. ಇಪ್ಪತ್ತೇಳು ಹೆಜ್ಜೆಗೆ ಒಂದು ಇಡೀ ಬೆಳಗ್ಗೆ ಬೇಕಾಯಿತು. ದೊಡ್ಡಮಾದಯ್ಯನ ಹೆಂಡತಿ ಊರುಗೋಲಿನ ಮೇಲೆ ನಿಂತು, ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳಿದಳು.

ಈಗ ಅದು ನಮ್ಮ ಅಡುಗೆಮನೆಯ ನಡುವೆ ನಿಂತಿದೆ, ನನ್ನ ಸೊಂಟದ ಎತ್ತರಕ್ಕೆ. ಅವ್ವ ಅದನ್ನು ಬಳಸಿಕೊಂಡು ಒಲೆಗೆ ಹೋಗುತ್ತಾಳೆ, ಬಳಸಿಕೊಂಡು ಬಿಂದಿಗೆಗೆ ಬರುತ್ತಾಳೆ. ಒಂದೊಂದು ಸಲ ಅದಕ್ಕೆ ಕೈ ಊರಿ ಮೇಲೇಳುತ್ತಾಳೆ.

ನೀವು ಕೇಳಿದ್ದಕ್ಕೆ ಉತ್ತರ. ಅವ್ವ ನಿಮ್ಮನ್ನು ಬೈಯಲಿಲ್ಲ. "ಅವ್ನು ನಂಗೆ ಮನೆ ಮಾಡಿಕೊಟ್ಟ. ಕೆಡವೋ ದಿನ ಬಂದು ನನ್ ಪಕ್ಕ ನಿಂತ್ಕಳ್ಲಿ" ಎಂದಳು. ಬನ್ನಿ ಮಾವ. ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಆದರೂ ಬನ್ನಿ. ಕಿಟಕಿಯ ಹಿಂದೆ ನಿಂತಿದ್ದು ಸಾಕು.

ಇವತ್ತು ಸೋಮವಾರ. ಅವ್ವ ಸ್ನಾನ ಮಾಡಿ ಬಂದಾಗ ನಾನು ಅಭ್ಯಾಸಬಲದಿಂದ ವಿಭೂತಿ ತಟ್ಟೆ ಕೊಟ್ಟೆ. ಅವಳು ಅದನ್ನು ಪಕ್ಕಕ್ಕಿಟ್ಟು, ಒಂದು ಚೊಂಬು ನೀರು ತಂದು, ತೆಂಗಿನ ನಾರಿನಿಂದ ಕಲ್ಲನ್ನು ಉಜ್ಜಿದಳು. ಮೂವತ್ತೇಳು ವರ್ಷದ ಎಣ್ಣೆ, ಕುಂಕುಮ, ಬೂದಿ ಎಲ್ಲ ಹೋಗುವವರೆಗೂ ಉಜ್ಜಿದಳು. ಕಲ್ಲಿನ ತಲೆಯ ಮೇಲೆ ಸರ್ವೆಯವರು ಗಡಿಯ ಗುರುತಿಗೆಂದು ಕೊರೆದ ಕೂಡುಗೆರೆ ಈಗ ಚೆನ್ನಾಗಿ ಕಾಣುತ್ತಿದೆ.

ನಯನ